ಗೋಪುರ ನೆಟ್ಟಗೆ ನಿಲ್ಲಬೇಕಾದರೆ

ಹಂಪಿಯ ವಿರೂಪಾಕ್ಷ ಗುಡಿಯ ಪೂರ್ವ ಗೋಪುರದ ಫೋಟೊಗಳನ್ನು ಸಾಲಾಗಿ ಇಟ್ಟು ನೋಡುವಾಗ ಒಂದು ಸಂಗತಿ ಬಿಡದೆ ಕಾಡುತ್ತದೆ. ಮನೆಯ ಫೋಟೊದಲ್ಲಿ ಗೋಡೆಗಳು ಮೇಲೆ ಹೋಗುತ್ತ ಒಳಕ್ಕೆ ವಾಲಿದ್ದರೆ ಯಾರ ಕಣ್ಣಿಗಾದರೂ ಚುಚ್ಚುತ್ತದೆ, ಏಕೆಂದರೆ ಗೋಡೆ ನೆಟ್ಟಗಿರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಗೋಪುರದ ವಿಷಯದಲ್ಲಿ ಹಾಗಾಗುವುದಿಲ್ಲ. ಅದು ಕಟ್ಟುವಾಗಲೇ ಮೇಲೆ ಹೋದಂತೆ ಕಿರಿದಾಗುವ ರಚನೆ. ಸ್ಥಪತಿ ಕೊಟ್ಟ ಓರೆ ಎಷ್ಟು, ಕ್ಯಾಮೆರಾ ಎತ್ತಿದ್ದರಿಂದ ಸೇರಿಕೊಂಡ ಓರೆ ಎಷ್ಟು ಎಂದು ಫೋಟೊ ನೋಡಿದವರಿಗೆ ತಿಳಿಯುವುದಿಲ್ಲ. ತಪ್ಪು ಕಣ್ಣಿಗೆ ಬೀಳದೆ ಸತ್ಯದ ಹಾಗೆ ಉಳಿದುಬಿಡುತ್ತದೆ. ಗೋಪುರ ನಿಜವಾಗಿ ಇರುವುದಕ್ಕಿಂತ ಮೊನಚಾಗಿ, ಹಿಂದಕ್ಕೆ ಒರಗಿದಂತೆ ಜನರ ನೆನಪಿನಲ್ಲಿ ಕೂರುತ್ತದೆ.

ಲೆಕ್ಕ ಹಾಕಿದರೆ ಈ ವ್ಯತ್ಯಾಸ ಚಿಕ್ಕದಲ್ಲ. ಗೋಪುರದ ಎತ್ತರ ಸುಮಾರು 50 ಮೀಟರ್. 40 ಮೀಟರ್ ದೂರದಲ್ಲಿ ನಿಂತು, ತುದಿಯವರೆಗೆ ಹಿಡಿಯಲೆಂದು ಕ್ಯಾಮೆರಾವನ್ನು 28 ಡಿಗ್ರಿ ಮೇಲಕ್ಕೆತ್ತಿದರೆ, ಬುಡಕ್ಕೆ ಹೋಲಿಸಿದಾಗ ತುದಿಯ ಅಗಲ ಇರಬೇಕಾದ್ದರ ಶೇ. 60ಕ್ಕೆ ಇಳಿಯುತ್ತದೆ. ಸಾಫ್ಟ್‌ವೇರ್‌ನಲ್ಲಿ ಇದನ್ನು ಸರಿಪಡಿಸಲು ಹೋದರೆ ತುದಿಯನ್ನು ಒಂದೂ ಮುಕ್ಕಾಲು ಪಟ್ಟಿನ ಹತ್ತಿರ ಎಳೆಯಬೇಕು. ಕಳಶ, ಶಾಲೆ (ತುದಿಯ ಕಮಾನು ಚಾವಣಿ), ಗಾರೆಯ ಮೂರ್ತಿಗಳು ಇರುವ ಜಾಗದಲ್ಲೇ ವಿವರ ತೆಳುವಾಗುತ್ತದೆ, ಚೌಕಟ್ಟಿನ ಅಂಚುಗಳು ಕತ್ತರಿಸಿ ಹೋಗುತ್ತವೆ. ಅಗಲ ಸರಿಹೋದರೂ ಎತ್ತರ ಎಷ್ಟು ಹಿಗ್ಗಬೇಕು ಎಂಬುದು ಕ್ಯಾಮೆರಾ ಎತ್ತಿದ ಕೋನ ಮತ್ತು ಲೆನ್ಸಿನ ಫೋಕಲ್ ಲೆಂಗ್ತ್ ಗೊತ್ತಿದ್ದರೆ ಮಾತ್ರ ನಿಶ್ಚಯವಾಗುವ ವಿಷಯ. ಹೆಚ್ಚಿನವರು ಅದನ್ನು ಕಣ್ಣಳತೆಯಲ್ಲಿ ಎಳೆಯುತ್ತಾರೆ. ಕಣ್ಣಳತೆಗೆ ಆಧಾರವಾಗಿ ನೇರ ಗೋಡೆಯೇ ಇಲ್ಲದ ಕಟ್ಟಡ ಇದು. ಕೆಳಗಿನ ಕಲ್ಲಿನ ಭಾಗದ ಅರೆಗಂಬಗಳು, ಬಾಗಿಲುವಾಡದ ನಿಲುವುಗಳು ಇವಿಷ್ಟೇ ನಂಬಬಹುದಾದ ಲಂಬ ಗೆರೆಗಳು.

ಲೆನ್ಸ್ ಮುಂದೆ, ಫಿಲ್ಮ್ ಹಿಂದೆ ಇದ್ದು ಎರಡನ್ನೂ ಬೇರೆಬೇರೆಯಾಗಿ ಸರಿಸಲು, ಬಗ್ಗಿಸಲು ಬರುವ ವ್ಯೂ ಕ್ಯಾಮೆರಾದ ಬಗ್ಗೆ ಮಾತಾಡುವಾಗ ಗೋಪುರದಿಂದ ಶುರು ಮಾಡುವುದಕ್ಕೆ ಇದೇ ಕಾರಣ. ಈ ಕ್ಯಾಮೆರಾ ಕೊಳ್ಳಬೇಕೆನ್ನುವವರು ಮೊದಲು ಕೇಳುವ ಪ್ರಶ್ನೆ ‘ಇದು ಎಷ್ಟು ಡಿಗ್ರಿ ಟಿಲ್ಟ್ ಆಗುತ್ತದೆ?’ ಎಂದು. ನಮ್ಮ ಗುಡಿ, ಮಂಟಪ, ಶಾಸನಗಳ ನಡುವೆ ಕೆಲಸ ಮಾಡುವವರಿಗೆ ಟಿಲ್ಟ್, ಅಂದರೆ ಲೆನ್ಸನ್ನು ಮುಂದಕ್ಕೋ ಹಿಂದಕ್ಕೋ ಬಗ್ಗಿಸುವುದು, ಬೇಕಾಗುವುದು ಅಪರೂಪ, ಬೇಕಾದಾಗಲೂ ಹತ್ತು ಡಿಗ್ರಿಗಿಂತ ಕಡಿಮೆ. ದಿನವೂ ಬೇಕಾಗುವುದು ರೈಸ್, ಅಂದರೆ ಲೆನ್ಸನ್ನು ನೆಟ್ಟಗೆ ಮೇಲಕ್ಕೇರಿಸುವುದು. ರೈಸ್ ಸಿಗುವುದು ಕ್ಯಾಮೆರಾ ಒಂದರಿಂದಲೇ ಅಲ್ಲ. ಲೆನ್ಸ್, ಬೆಲ್ಲೋಸ್ (ಲೆನ್ಸಿಗೂ ಫಿಲ್ಮಿಗೂ ನಡುವಿನ ಮಡಿಕೆಯ ತಿದಿ), ಕ್ಯಾಮೆರಾ ಮೂರೂ ಒಪ್ಪಿದಷ್ಟು ಮಾತ್ರ.

ಏರಿಸುವುದರಲ್ಲಿ ಏನಾಗುತ್ತದೆ

ಫಿಲ್ಮ್ ಲಂಬವಾಗಿ ನಿಂತಿದ್ದರೆ ಲಂಬ ಗೆರೆಗಳು ಲಂಬವಾಗಿಯೇ ಬೀಳುತ್ತವೆ. ನಿಯಮ ಅಷ್ಟೇ. ರೈಸ್ ಗೆರೆಗಳನ್ನು ನೆಟ್ಟಗೆ ಮಾಡುವುದಿಲ್ಲ, ಕ್ಯಾಮೆರಾವನ್ನು ಓರೆ ಮಾಡುವ ಅಗತ್ಯವನ್ನು ತಪ್ಪಿಸುತ್ತದೆ. ಲೆನ್ಸು ಹಿಂದೆ ಚೆಲ್ಲುವ ಬೆಳಕಿನ ವೃತ್ತ ಫಿಲ್ಮಿಗಿಂತ ದೊಡ್ಡದಿರುತ್ತದೆ. ಲೆನ್ಸನ್ನು ಏರಿಸಿದಾಗ ಆ ವೃತ್ತದ ಬೇರೊಂದು ಭಾಗ, ಗೋಪುರದ ಮೇಲ್ಭಾಗ ಇರುವ ತುಣುಕು, ಫಿಲ್ಮಿನ ಮೇಲೆ ಬಂದು ಕೂರುತ್ತದೆ.

ಅಂಕಿಗಳಲ್ಲಿ ನೋಡೋಣ. 4×5 ಇಂಚಿನ ಫಿಲ್ಮಿನಲ್ಲಿ ಬಿಂಬ ಬೀಳುವ ಜಾಗ ಸುಮಾರು 95×120 ಮಿ.ಮೀ. ಅದನ್ನು ನಿಲುವಾಗಿ ಇಟ್ಟು, 90 ಮಿ.ಮೀ. ಲೆನ್ಸ್ ಹಾಕಿ, ಕ್ಯಾಮೆರಾವನ್ನು ಒಂದೂವರೆ ಮೀಟರ್ ಎತ್ತರದಲ್ಲಿ ಮಟ್ಟಸವಾಗಿ ನಿಲ್ಲಿಸಿದರೆ, 50 ಮೀಟರಿನ ಗೋಪುರದ ತುದಿ ಸ್ವಲ್ಪ ಆಕಾಶದ ಸಮೇತ ಒಳಗೆ ಬರಲು 79 ಮೀಟರ್ ಹಿಂದೆ ಹೋಗಬೇಕು. ಹೋದರೆ ಫಿಲ್ಮಿನ ಕೆಳಗಿನ ಅರ್ಧವೆಲ್ಲ ರಸ್ತೆ. ಕಾಲಿನಿಂದ ಎರಡು ಹೆಜ್ಜೆ ಆಚೆಯ ಮಣ್ಣಿನಿಂದಲೇ ಚಿತ್ರ ಶುರುವಾಗುತ್ತದೆ. ಅದೇ ಲೆನ್ಸನ್ನು 40 ಮಿ.ಮೀ. ಏರಿಸಿದರೆ 46 ಮೀಟರಿಗೇ ಗೋಪುರ ಪೂರ್ತಿ ಬರುತ್ತದೆ, ಮುಂದಿನ ನೆಲ ಏಳು ಮೀಟರ್ ಆಚೆಯಿಂದ ಶುರುವಾಗುತ್ತದೆ. ಫಿಲ್ಮಿನ ಬಹುಪಾಲು ಗೋಪುರದ್ದೇ. 150 ಮಿ.ಮೀ. ಲೆನ್ಸನ್ನು 30 ಮಿ.ಮೀ. ಏರಿಸಿದರೆ ನಿಲ್ಲಬೇಕಾದ ದೂರ 86 ಮೀಟರ್.

46 ಮತ್ತು 86 ಮೀಟರಿನ ಈ ಎರಡು ಜಾಗಗಳಲ್ಲಿ ಯಾವುದು ಒಳ್ಳೆಯದು? ಇಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಜಾಗ ಇದ್ದಾಗ ಹಿಂದೆ ಹೋಗಿ. ರೈಸ್ ಲಂಬ ಗೆರೆಗಳನ್ನು ಉಳಿಸುತ್ತದೆ, ಆದರೆ ನೀವು ನಿಂತ ಜಾಗವನ್ನು ಅಳಿಸುವುದಿಲ್ಲ. 46 ಮೀಟರಿನಿಂದ ತುದಿಯನ್ನು ನೋಡುವ ಕೋನ 46 ಡಿಗ್ರಿಗಿಂತ ಹೆಚ್ಚು. ಪ್ರತಿ ನೆಲೆಯ (ಅಂತಸ್ತಿನ) ಕಪೋತ, ಅಂದರೆ ಸೂರಿನ ಅಂಚು, ಮುಂದೆ ಚಾಚಿಕೊಂಡು ತನ್ನ ಮೇಲಿನ ಸಾಲಿನ ಮೂರ್ತಿಗಳ ಕಾಲನ್ನು ಮರೆಮಾಡುತ್ತದೆ. 86 ಮೀಟರಿನಿಂದ ಆ ಕೋನ 29 ಡಿಗ್ರಿಗೆ ಇಳಿದು, ನೆಲೆಗಳು ಒಂದೊಂದಾಗಿ ಬಿಡಿಸಿ ಕಾಣುತ್ತವೆ. ಮುಂದೆ ಉದ್ದಕ್ಕೆ ರಥಬೀದಿ ಇರುವ ಹಂಪಿಯಲ್ಲಿ ಇದು ಸಾಧ್ಯ. ಶ್ರವಣಬೆಳಗೊಳದ 57 ಅಡಿಯ ಗೊಮ್ಮಟನ ಮುಂದೆ ಇಷ್ಟು ಸ್ವಾತಂತ್ರ್ಯವಿಲ್ಲ. ಸುತ್ತ ಕೈಸಾಲೆ ಇರುವುದರಿಂದ ಹಿಂದೆ ಸರಿಯುವುದಕ್ಕೆ ಮಿತಿಯಿದೆ. 90 ಮಿ.ಮೀ. ಲೆನ್ಸಿಗೆ ರೈಸ್ ಇಲ್ಲದೆ 26 ಮೀಟರ್ ಬೇಕಾದರೆ, 40 ಮಿ.ಮೀ. ರೈಸ್ ಇದ್ದರೆ 15 ಮೀಟರ್ ಸಾಕು.

ನಿಂತ ಜಾಗವೇ ಚಿತ್ರದ ಮುಕ್ಕಾಲು ಪಾಲು ಎನ್ನುವುದಕ್ಕೆ ಹಂಪಿಯಲ್ಲೇ ಒಂದು ದೊಡ್ಡ ಪುರಾವೆ ಇದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಇಲ್ಲಿನ ಅವಶೇಷಗಳನ್ನು ಹಿಡಿದಿಟ್ಟ. 1983ರಲ್ಲಿ ಆಸ್ಟ್ರೇಲಿಯಾದ ವಾಸ್ತುಶಿಲ್ಪ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅದೇ ಜಾಗಗಳನ್ನು ಹುಡುಕಿ ನಿಂತು ಮತ್ತೆ ತೆಗೆದರು. ಇಂಥ ಕೆಲಸದಲ್ಲಿ ಮುಂದಿನ ಕಂಬದ ಅಂಚು ಹಿಂದಿನ ಶಿಖರದ ಯಾವ ಬಿಂದುವನ್ನು ಮುಟ್ಟುತ್ತದೆ ಎಂದು ನೋಡಿಕೊಂಡೇ ಟ್ರೈಪಾಡ್ ಇಡಬೇಕು. ಆ ಹೊಂದಾಣಿಕೆ ಕಾಲು ಕದಲಿಸಿದರೆ ಮಾತ್ರ ಬದಲಾಗುತ್ತದೆ. ಮೊದಲು ಕಾಲು, ಆಮೇಲೆ ಲೆನ್ಸು, ಕೊನೆಗೆ ರೈಸ್ ಮತ್ತು ಲೆನ್ಸನ್ನು ಪಕ್ಕಕ್ಕೆ ಸರಿಸುವ ಶಿಫ್ಟ್‌ನಿಂದ ಚೌಕಟ್ಟು. ವ್ಯೂ ಕ್ಯಾಮೆರಾದ ಕೆಲಸ ಈ ಕ್ರಮದಲ್ಲಿ ನಡೆದರೆ ಚೆನ್ನ.

ಕೊಳ್ಳುವಾಗ ಲೆನ್ಸಿನಿಂದ ಶುರು ಮಾಡಿ

ಬಿಂಬವೃತ್ತದ, ಅಂದರೆ ಲೆನ್ಸು ಚೆಲ್ಲುವ ಆ ಬೆಳಕಿನ ವೃತ್ತದ, ವ್ಯಾಸ ಎಷ್ಟು ಎಂಬುದು ಮೊದಲ ಪ್ರಶ್ನೆಯಾಗಬೇಕು. 4×5 ಫಿಲ್ಮಿನ ಕರ್ಣ 153 ಮಿ.ಮೀ. ವೃತ್ತ ಅಷ್ಟೇ ಇದ್ದರೆ ಲೆನ್ಸನ್ನು ಒಂದು ಮಿಲಿಮೀಟರೂ ಸರಿಸುವಂತಿಲ್ಲ. ನಿಕ್ಕೋರ್-ಡಬ್ಲ್ಯು 150 ಮಿ.ಮೀ. ಎಫ್/5.6 ಲೆನ್ಸಿನ ವೃತ್ತ ಎಫ್/22ರಲ್ಲಿ (ಎಫ್ ಸಂಖ್ಯೆ ಹೆಚ್ಚಾದಷ್ಟು ಅಪರ್ಚರ್ ಕಿರಿದು) 210 ಮಿ.ಮೀ. ನಿಲುವು ಚೌಕಟ್ಟಿನಲ್ಲಿ ಅದು ಸುಮಾರು 33 ಮಿ.ಮೀ. ರೈಸ್ ಕೊಡುತ್ತದೆ, ಅಡ್ಡ ಚೌಕಟ್ಟಿನಲ್ಲಿ 38. ನಿಕ್ಕೋರ್-ಎಸ್‌ಡಬ್ಲ್ಯು 90 ಮಿ.ಮೀ. ಎಫ್/8ರ ವೃತ್ತ 235 ಮಿ.ಮೀ., ನಿಲುವಿನಲ್ಲಿ 47 ಮಿ.ಮೀ. ರೈಸ್. ಇದೇ ಫೋಕಲ್ ಲೆಂಗ್ತಿನ ಸೂಪರ್ ಆಂಗುಲಾನ್ ಎಫ್/8ರದ್ದು 216, ಅಂದರೆ 37 ಮಿ.ಮೀ. ರೈಸ್. ಈ ಹತ್ತು ಮಿಲಿಮೀಟರ್ ಗೊಮ್ಮಟನ ಮುಂದೆ ಎರಡು ಹೆಜ್ಜೆಯ ವ್ಯತ್ಯಾಸ. ಲೆಕ್ಕ ಮಾಡಿಕೊಳ್ಳುವುದು ಸುಲಭ: ವೃತ್ತದ ತ್ರಿಜ್ಯದ ವರ್ಗದಿಂದ ಚೌಕಟ್ಟಿನ ಅರ್ಧ ಅಗಲದ ವರ್ಗವನ್ನು ಕಳೆದು, ವರ್ಗಮೂಲ ತೆಗೆದು, ಅದರಿಂದ ಅರ್ಧ ಎತ್ತರವನ್ನು ಕಳೆಯಿರಿ. ಹಳೆಯ ಪ್ರೆಸ್ ಕ್ಯಾಮೆರಾಗಳ ಜೊತೆ ಬರುವ ಟೆಸ್ಸಾರ್ ಮಾದರಿಯ 127, 135 ಮಿ.ಮೀ. ಲೆನ್ಸುಗಳು ಅಗ್ಗ, ಚುರುಕು. ಆದರೆ ಅವುಗಳ ವೃತ್ತ ಫಿಲ್ಮನ್ನು ಮುಚ್ಚಿ ಸ್ವಲ್ಪವೇ ಉಳಿಯುತ್ತದೆ. ಕಟ್ಟಡ ತೆಗೆಯುವವರು ಅವುಗಳತ್ತ ನೋಡಬಾರದು.

ಎರಡನೆಯದು ಬೆಲ್ಲೋಸ್. ಜಾಹೀರಾತಿನಲ್ಲಿ 50 ಮಿ.ಮೀ. ರೈಸ್ ಎಂದಿರುತ್ತದೆ. ಅದು 150 ಮಿ.ಮೀ. ಲೆನ್ಸ್ ಹಾಕಿದಾಗಿನ ಮಾತು. 90 ಮಿ.ಮೀ. ಹಾಕಿದಾಗ ಲೆನ್ಸನ್ನೂ ಫಿಲ್ಮನ್ನೂ ಹಿಡಿಯುವ ಮುಂದಿನ ಹಿಂದಿನ ಸ್ಟ್ಯಾಂಡರ್ಡ್‌ಗಳು ಹತ್ತಿರ ಬಂದು, ಮಡಿಕೆಗಳು ಒಂದರ ಮೇಲೊಂದು ಒತ್ತಿಕೊಂಡು, ಲೆನ್ಸನ್ನು 15 ಮಿ.ಮೀ. ಏರಿಸುವಷ್ಟರಲ್ಲಿ ಗಟ್ಟಿಯಾಗಿ ಎದುರು ತಳ್ಳುತ್ತವೆ. ಬಲವಂತ ಮಾಡಿದರೆ ಹಿಂದಿನ ಸ್ಟ್ಯಾಂಡರ್ಡ್ ಕಣ್ಣಿಗೆ ಕಾಣದಷ್ಟು ವಾಲುತ್ತದೆ, ಫೋಕಸ್ ಒಂದು ಮೂಲೆಯಲ್ಲಿ ಹೋಗುತ್ತದೆ. ಅಗಲ ಲೆನ್ಸ್ ಬಳಸುವವರಿಗೆ ಮಡಿಕೆಯಿಲ್ಲದ, ಸಡಿಲ ಚೀಲದಂಥ ಬ್ಯಾಗ್ ಬೆಲ್ಲೋಸ್ ಬೇಕೇ ಬೇಕು. ಬೆಲ್ಲೋಸ್ ಬದಲಾಯಿಸಲು ಬಾರದ ಕ್ಯಾಮೆರಾ ಆದರೆ ಒಳಗೆ ತಗ್ಗಿರುವ ಲೆನ್ಸ್ ಬೋರ್ಡ್ ಹಾಕಿ ಸ್ವಲ್ಪ ಉಸಿರಾಡಿಸಬಹುದು. ಅದರಲ್ಲಿ ಷಟರಿನ ಅಪರ್ಚರ್ ಕಡ್ಡಿ, ಕೇಬಲ್ ರಿಲೀಸ್‌ನ ತೂತು ಬೆರಳಿಗೆ ಸಿಗುವುದು ಕಷ್ಟ.

ಇನ್ನು ಕ್ಯಾಮೆರಾ. ಮಾನೋರೈಲ್ ಕ್ಯಾಮೆರಾಗಳು, ಅಂದರೆ ಸಿನಾರ್, ಕ್ಯಾಂಬೊ, ಟೊಯೊ ಮುಂತಾದವು ಒಂದೇ ಹಳಿಯ ಮೇಲೆ ಕೂತು ಎರಡೂ ಸ್ಟ್ಯಾಂಡರ್ಡ್‌ಗಳಿಗೆ ಎಲ್ಲ ಚಲನೆಗಳನ್ನೂ ಕೊಡುತ್ತವೆ. ಭಾರ ಜಾಸ್ತಿ, ಹೊರುವುದಕ್ಕೆ ದೊಡ್ಡ ಪೆಟ್ಟಿಗೆ ಬೇಕು. ಸ್ಟುಡಿಯೊಗಳು ಡಿಜಿಟಲ್‌ಗೆ ಹೋದ ಮೇಲೆ ಇವು ಕಡಿಮೆ ಬೆಲೆಗೆ ಸಿಗುತ್ತವೆ. ಮಡಚುವ ಫೀಲ್ಡ್ ಕ್ಯಾಮೆರಾಗಳು ಬೆನ್ನಿಗೆ ಹಗುರ, ಚಲನೆ ಕಡಿಮೆ. ವಾಹನ ಹೋಗುವ ಕಡೆ ಕಟ್ಟಡಗಳನ್ನೇ ತೆಗೆಯುವವರಿಗೆ ನಾನು ಹೇಳುವುದು ಮಾನೋರೈಲ್. ಮಾತಂಗ ಬೆಟ್ಟದ ಮೆಟ್ಟಿಲು ಹತ್ತುವವರಿಗೆ ಫೀಲ್ಡ್ ಕ್ಯಾಮೆರಾ. ಫೀಲ್ಡ್ ಕ್ಯಾಮೆರಾದಲ್ಲಿ ರೈಸ್ ಸಾಲದಾದಾಗ ಒಂದು ಉಪಾಯವಿದೆ. ಇಡೀ ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಿ, ಆಮೇಲೆ ಎರಡೂ ಸ್ಟ್ಯಾಂಡರ್ಡ್‌ಗಳನ್ನು ಲಂಬಕ್ಕೆ ತನ್ನಿ. 150 ಮಿ.ಮೀ. ಲೆನ್ಸಿನಲ್ಲಿ ಕ್ಯಾಮೆರಾದ ತಳದ ಹಲಗೆಯನ್ನು 15 ಡಿಗ್ರಿ ಎತ್ತಿದರೆ 40 ಮಿ.ಮೀ. ರೈಸ್ ಸಿಕ್ಕಂತೆ. ಲೆನ್ಸಿನ ವೃತ್ತ ಅದಕ್ಕೆ ಸಾಲಬೇಕು, ಅಷ್ಟೇ. 90 ಮಿ.ಮೀ. ಲೆನ್ಸಿನಲ್ಲಿ ಇದೇ 15 ಡಿಗ್ರಿಗೆ 24 ಮಿ.ಮೀ. ಮಾತ್ರ.

ನಮ್ಮ ಕಡೆಯ ಹಳೆಯ ಸ್ಟುಡಿಯೊಗಳ ಅಟ್ಟದಲ್ಲಿ ಈಗಲೂ ಸಿಗುವ ಮರದ ಕ್ಯಾಮೆರಾಗಳ ಬಗ್ಗೆ ಒಂದು ಮಾತು. ಕೇರಳದ ಅಲಪ್ಪುಳದಲ್ಲಿ ತೇಗ ಮತ್ತು ಹಿತ್ತಾಳೆಯಲ್ಲಿ ಮಾಡುತ್ತಿದ್ದ ವಾಗೀಶ್ವರಿ ಕ್ಯಾಮೆರಾ ದಕ್ಷಿಣದ ಎಷ್ಟೋ ಸ್ಟುಡಿಯೊಗಳ ಅನ್ನದ ದಾರಿಯಾಗಿತ್ತು. ಮರಗೆಲಸ ನೋಡಿದರೆ ಕೈಮುಗಿಯುವಂತಿದೆ. ಆದರೆ ಈ ಬಗೆಯ ಕ್ಯಾಮೆರಾಗಳಲ್ಲಿ ಫಿಲ್ಮ್ ತುಂಬುವ ಹೋಲ್ಡರ್‌ಗಳು ಹಾಫ್ ಪ್ಲೇಟ್ ಅಥವಾ ಫುಲ್ ಪ್ಲೇಟ್ ಅಳತೆಯವು. ಹಾಫ್ ಪ್ಲೇಟ್ ಎಂದರೆ 4¾×6½ ಇಂಚು, ಆ ಅಳತೆಯ ಫಿಲ್ಮ್ ಈಗ ಸುಲಭವಾಗಿ ಸಿಗುವುದಿಲ್ಲ. ಒಳ್ಳೆಯ ಬಡಗಿಯಿಂದ 4×5 ಹೋಲ್ಡರ್ ಕೂರುವ ಹಿಂಬದಿ ಮಾಡಿಸಿಕೊಂಡರೆ ಕ್ಯಾಮೆರಾಗೆ ಜೀವ ಬರುತ್ತದೆ. ಮಾಡಿಸುವಾಗ ಗ್ರೌಂಡ್ ಗ್ಲಾಸಿನ (ಬಿಂಬ ನೋಡಿ ಫೋಕಸ್ ಮಾಡುವ ಮಸುಕು ಗಾಜು) ಉಜ್ಜಿದ ಮೈ ಮತ್ತು ಹೋಲ್ಡರ್ ಒಳಗೆ ಫಿಲ್ಮ್ ಕೂರುವ ಮಟ್ಟ ಒಂದೇ ಆಳದಲ್ಲಿರಬೇಕು. 4×5 ಹೋಲ್ಡರ್‌ನಲ್ಲಿ ಆ ಆಳ ಸುಮಾರು 5 ಮಿ.ಮೀ. ಉಜ್ಜಿದ ಮೈ ಲೆನ್ಸಿನ ಕಡೆಗೇ ಇರಬೇಕು. ಪರೀಕ್ಷೆಗೆ ಒಂದು ಅಡಿಪಟ್ಟಿಯನ್ನು 45 ಡಿಗ್ರಿ ಓರೆಯಾಗಿಟ್ಟು, ಒಂದು ಅಂಕಿಗೆ ಫೋಕಸ್ ಮಾಡಿ, ಅಪರ್ಚರ್ ಪೂರ್ತಿ ತೆರೆದು ಒಂದು ಹಾಳೆ ತೆಗೆಯಿರಿ. ಬೇರೆ ಅಂಕಿ ಚೂಪಾಗಿ ಬಂದರೆ ಆಳ ತಪ್ಪಿದೆ. ಯಾರೋ ಬಿಂಬ ಬೆಳಗಿಸುವ ಫ್ರೆನೆಲ್ ಹಾಳೆಯನ್ನು ಗಾಜಿನ ತಪ್ಪು ಬದಿಗೆ ಸಿಕ್ಕಿಸಿರುವುದೂ ಇದಕ್ಕೆ ಕಾರಣವಾಗಬಹುದು.

ಬಳಸಿದ ಕ್ಯಾಮೆರಾ ನೋಡುವಾಗ ಕತ್ತಲೆ ಕೋಣೆ ಬೇಕು. ಲೆನ್ಸ್ ತೆಗೆದು ಬೆಲ್ಲೋಸ್ ಒಳಗೆ ಟಾರ್ಚ್ ಹಿಡಿದು ಮಡಿಕೆಗಳ ಮೂಲೆಗಳನ್ನು ನಿಧಾನವಾಗಿ ಚಾಚಿ ಮಡಚಿ ನೋಡಿ. ತೂತು ಬೀಳುವುದು ಹೆಚ್ಚಾಗಿ ಮೂಲೆಗಳಲ್ಲೇ. ಷಟರನ್ನು ಒಂದು ಸೆಕೆಂಡಿಗೆ ಇಟ್ಟು ಕಿವಿಗೊಡಿ. ಕೊನೆಗೆ ತಡವರಿಸಿ ನಿಂತರೆ ಎಣ್ಣೆ ಒಣಗಿದೆ ಎಂದು ಅರ್ಥ. ಲೆನ್ಸಿನೊಳಗೆ ಜೇಡರ ಬಲೆಯಂತೆ ಕವಲೊಡೆದ ಗೆರೆ ಕಂಡರೆ ಅದು ಬೂಸ್ಟು. ಮಂಗಳೂರು, ಉಡುಪಿಯ ಮಳೆಗಾಲ ಕಂಡ ಲೆನ್ಸುಗಳಲ್ಲಿ ಇದನ್ನು ಹುಡುಕಿ ನೋಡಲೇಬೇಕು. ಒಳಗಿನ ಅಂಚಿನ ಕಪ್ಪು ಬಣ್ಣ ಎದ್ದು ಆದ ಬಿಳಿ ಚುಕ್ಕೆಗಳಿಗೆ ಹೆದರಬೇಕಾಗಿಲ್ಲ, ಚಿತ್ರದಲ್ಲಿ ಅವು ಕಾಣುವುದಿಲ್ಲ. ಲೆನ್ಸ್ ಬೋರ್ಡಿನ ತೂತಿನ ಅಳತೆ ಮೊದಲೇ ತಿಳಿದಿರಲಿ: ಕೋಪಾಲ್ 0 ಷಟರಿಗೆ 34.6 ಮಿ.ಮೀ., ಕೋಪಾಲ್ 1ಕ್ಕೆ 41.6, ಕೋಪಾಲ್ 3ಕ್ಕೆ 65. ಕೊನೆಯದಾಗಿ ಎಲ್ಲ ತಿರುಪುಗಳನ್ನು ಬಿಗಿದು ಮುಂದಿನ ಸ್ಟ್ಯಾಂಡರ್ಡನ್ನು ಬೆರಳಿನಿಂದ ಒತ್ತಿ. ಬಿಗಿದ ಮೇಲೂ ಅಲುಗುವ ಕ್ಯಾಮೆರಾದಲ್ಲಿ ಎಷ್ಟು ಚಲನೆ ಇದ್ದರೂ ಪ್ರಯೋಜನವಿಲ್ಲ. ಸೊನ್ನೆಯ ಸ್ಥಾನದಲ್ಲಿ ಕ್ಲಿಕ್ ಎಂದು ನಿಲ್ಲುವ ವ್ಯವಸ್ಥೆ ಇದ್ದರೆ ಇನ್ನೂ ಒಳ್ಳೆಯದು. ಬೇಡದ ಅರ್ಧ ಡಿಗ್ರಿ ಟಿಲ್ಟ್ ಮಾಡುವ ಹಾನಿ, ಬೇಕಾದ ಟಿಲ್ಟ್ ಇಲ್ಲದಿರುವುದಕ್ಕಿಂತ ಹೆಚ್ಚು.

ಕಲ್ಲಿನ ರಥದ ಮುಂದೆ ಟಿಲ್ಟ್

ವಿಠ್ಠಲ ಗುಡಿಯ ಅಂಗಳದಲ್ಲಿ ಕಲ್ಲಿನ ರಥದ ಎದುರು ಕ್ಯಾಮೆರಾ ನಿಲ್ಲಿಸಿದವರಿಗೆ ಬರುವ ಮೊದಲ ಆಸೆ ಎಂದರೆ ಕಾಲಬಳಿಯ ಚಪ್ಪಡಿಯಿಂದ ರಥದವರೆಗೆ ಎಲ್ಲ ಚೂಪಾಗಿರಲಿ ಎಂದು. ಲೆನ್ಸನ್ನು ಮುಂದಕ್ಕೆ ಬಗ್ಗಿಸಿದರೆ ಫೋಕಸಿನ ತಲ, ಅಂದರೆ ಚೂಪಾಗಿ ಬೀಳುವ ಸಮತಲ, ನೆಲದ ಮೇಲೆ ಮಲಗುತ್ತದೆ. ಫಿಲ್ಮಿನ ತಲ, ಲೆನ್ಸಿನ ತಲ, ಫೋಕಸಿನ ತಲ ಮೂರೂ ಒಂದೇ ಗೆರೆಯಲ್ಲಿ ಕೂಡುತ್ತವೆ ಎಂಬ ಈ ನಿಯಮ ಆಸ್ಟ್ರಿಯಾದ ಸೇನಾಧಿಕಾರಿ ಥಿಯೋಡರ್ ಶೈಂಫ್ಲುಗ್ ಹೆಸರಿನಲ್ಲಿ ನಿಂತಿದೆ. ಅವನ ಪೇಟೆಂಟ್ 1904ರದ್ದು. ಪ್ಯಾರಿಸಿನ ಜೂಲ್ ಕಾರ್ಪಾಂತಿಯೇ 1901ರಲ್ಲೇ ಇದನ್ನು ಪೇಟೆಂಟ್ ಮಾಡಿದ್ದ.

ಎಷ್ಟು ಬಗ್ಗಿಸಬೇಕು ಎಂಬುದಕ್ಕೆ ಊಹೆ ಬೇಕಾಗಿಲ್ಲ. ಫಿಲ್ಮ್ ಲಂಬವಾಗಿದ್ದಾಗ, ಲೆನ್ಸಿನಿಂದ ನೇರ ಕೆಳಗೆ ಫೋಕಸಿನ ತಲ ಎಷ್ಟು ದೂರದಲ್ಲಿ ಹಾಯಬೇಕೋ ಆ ಅಳತೆಯಿಂದ ಫೋಕಲ್ ಲೆಂಗ್ತನ್ನು ಭಾಗಿಸಿ. ಬರುವುದು ಕೋನದ ಸೈನ್. ಲೆನ್ಸು ನೆಲದಿಂದ ಒಂದೂವರೆ ಮೀಟರ್ ಮೇಲಿದ್ದು ಫೋಕಲ್ ಲೆಂಗ್ತ್ 150 ಮಿ.ಮೀ. ಆದರೆ 0.1, ಅಂದರೆ 5.7 ಡಿಗ್ರಿ. 90 ಮಿ.ಮೀ. ಲೆನ್ಸಿಗೆ ಮೂರೂವರೆ ಡಿಗ್ರಿಯಷ್ಟೇ. ಕಣ್ಣಿಗೆ ಬಾಗಿದೆಯೋ ಇಲ್ಲವೋ ಎನಿಸುವಷ್ಟು. ಗಾಜಿನ ಮೇಲೆ ನೋಡಿಕೊಂಡು ಮಾಡುವುದಾದರೆ ದೂರದ ಬಿಂದುವಿಗೆ ಫೋಕಸ್ ಮಾಡಿ, ಹತ್ತಿರದ ಬಿಂದು ಚೂಪಾಗುವವರೆಗೆ ಬಗ್ಗಿಸಿ, ಮತ್ತೆ ದೂರದ್ದನ್ನು ನೋಡಿ. ಹತ್ತಿರದ ಬಿಂದುವಿಗೆ ಬೆಲ್ಲೋಸನ್ನು ಇನ್ನೂ ಚಾಚಬೇಕೆನಿಸಿದರೆ ಟಿಲ್ಟ್ ಸಾಲದು. ದೂರದ ಬಿಂದುವಿಗೆ ಚಾಚಬೇಕೆನಿಸಿದರೆ ಹೆಚ್ಚಾಗಿದೆ. ಎರಡು ಮೂರು ಸುತ್ತಿನಲ್ಲಿ ನಿಲ್ಲುತ್ತದೆ.

ಆದರೆ ರಥಕ್ಕೆ ಎತ್ತರವಿದೆ, ತೊಂದರೆ ಅಲ್ಲಿಯೇ. ಟಿಲ್ಟ್ ಮಾಡಿದಾಗ ಚೂಪಾಗಿ ಕಾಣುವ ವಲಯ ಲೆನ್ಸಿನ ಕೆಳಗಿನ ಗೆರೆಯಿಂದ ಶುರುವಾಗಿ ದೂರ ಹೋದಂತೆ ದಪ್ಪವಾಗುವ ಬೆಣೆಯ ಆಕಾರದಲ್ಲಿರುತ್ತದೆ. 150 ಮಿ.ಮೀ. ಲೆನ್ಸಿನಲ್ಲಿ ಎಫ್/22 ಇಟ್ಟರೆ, ತಲ ನೆಲದ ಮೇಲೆ ಮಲಗಿದ್ದಾಗ, ಹತ್ತು ಮೀಟರ್ ದೂರದಲ್ಲಿ ಆ ಬೆಣೆ ನೆಲದಿಂದ ಒಂದೂವರೆ ಮೀಟರ್ ಎತ್ತರದವರೆಗೆ ಮಾತ್ರ. ಎಫ್/32ಕ್ಕೆ ಹೋದರೂ ಎರಡು ಮೀಟರಿನ ಆಸುಪಾಸು. ಚಪ್ಪಡಿಯ ಒಂದೊಂದು ಬಿರುಕೂ ಎಣಿಸುವಂತೆ ಬಂದು, ರಥದ ಗಾಲಿಯ ಮೇಲಿನ ಭಾಗವೆಲ್ಲ ಮೆತ್ತಗಾಗಿರುವ ಚಿತ್ರಗಳು ಹುಟ್ಟುವುದು ಹೀಗೆ. ತೆಗೆದವರು ಲೆನ್ಸನ್ನು ಅನುಮಾನಿಸುತ್ತಾರೆ. ಲೆನ್ಸಿನದೇನೂ ತಪ್ಪಿಲ್ಲ, ತಲವನ್ನು ಇಡಬಾರದ ಕಡೆ ಇಟ್ಟದ್ದು. ಟಿಲ್ಟ್ ಮಾಡಲೇಬೇಕೆಂದರೆ ತಲವನ್ನು ನೆಲಕ್ಕೆ ಅಂಟಿಸದೆ, ಹತ್ತಿರದ ಚಪ್ಪಡಿಯಿಂದ ರಥದ ನಡುವಿಗೆ ಏರುವಂತೆ ಇಡಬೇಕು. ಅದಕ್ಕಿಂತ ಒಳ್ಳೆಯದು ಟಿಲ್ಟೇ ಬೇಡವೆನ್ನುವುದು. ಮೂರು ಮೀಟರಿನಿಂದ ಹನ್ನೆರಡು ಮೀಟರಿನವರೆಗೆ ಬೇಕಿದ್ದರೆ 90 ಮಿ.ಮೀ. ಲೆನ್ಸಿನಲ್ಲಿ ಎಫ್/32 ಸಾಕು.

ಆ ಸಂಖ್ಯೆ ಎಲ್ಲಿಂದ ಬಂತು? ಹತ್ತಿರದ ಬಿಂದುವಿಗೆ ಫೋಕಸ್ ಮಾಡಿದಾಗ ಸ್ಟ್ಯಾಂಡರ್ಡ್ ಎಲ್ಲಿತ್ತು, ದೂರದ್ದಕ್ಕೆ ಎಲ್ಲಿತ್ತು ಎಂದು ಹಳಿಯ ಮೇಲೆ ಮಿಲಿಮೀಟರ್ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳಿ. ನಡುವಿನ ಅಂತರವನ್ನು 375ರಿಂದ ಗುಣಿಸಿ ವರ್ಗಮೂಲ ತೆಗೆದರೆ 4×5ಕ್ಕೆ ಒಪ್ಪುವ ಎಫ್ ಸಂಖ್ಯೆ ಬರುತ್ತದೆ. ಒಂದು ಮಿ.ಮೀ. ಅಂತರಕ್ಕೆ 19, ಎರಡಕ್ಕೆ 27, ಮೂರಕ್ಕೆ 33, ಐದಕ್ಕೆ 43. ಫೋಕಸನ್ನು ಆ ಎರಡು ಗುರುತುಗಳ ಸರಿಯಾಗಿ ನಡುವೆ ಬಿಗಿದರೆ ಮುಗಿಯಿತು. ಮೇಲಿನ ರಥದ ಉದಾಹರಣೆಯಲ್ಲಿ ಅಂತರ ಸುಮಾರು ಎರಡು ಮಿ.ಮೀ. ಅದೇ ದೂರಗಳಿಗೆ 150 ಮಿ.ಮೀ. ಲೆನ್ಸಿನಲ್ಲಿ ಆರು ಮಿ.ಮೀ. ಆಗಿ ಎಫ್/45 ಬೇಕಾಗುತ್ತದೆ, ಅಷ್ಟು ಕಿರಿದಾದರೆ ಬೆಳಕು ಬಾಗಿ ಇಡೀ ಚಿತ್ರವೇ ಸ್ವಲ್ಪ ಮೊಂಡಾಗುತ್ತದೆ. ಮಿಲಿಮೀಟರ್ ಪಟ್ಟಿ ಇಲ್ಲದ ಕ್ಯಾಮೆರಾಗೆ ಒಂದು ತುಂಡು ಅಂಟಿಸಿಕೊಳ್ಳುವುದು ಹತ್ತು ನಿಮಿಷದ ಕೆಲಸ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಉಪಕಾರ ಮಾಡುವ ಸಲಕರಣೆ ಇನ್ನೊಂದಿಲ್ಲ.

ಸ್ವಿಂಗ್ ಎಂದರೆ ಇದೇ ಕೆಲಸವನ್ನು ಅಡ್ಡಲಾಗಿ ಮಾಡುವುದು. ಅದಕ್ಕೆ ಹೇಳಿ ಮಾಡಿಸಿದ ಜಾಗ ಹಜಾರರಾಮ ಗುಡಿಯ ಪ್ರಾಕಾರದ ಹೊರಗೋಡೆ. ಆನೆ, ಕುದುರೆ, ಸೈನಿಕರು, ನರ್ತಕಿಯರ ಸಾಲುಗಳು ಚಪ್ಪಟೆ ಗೋಡೆಯ ಉದ್ದಕ್ಕೂ ಹೋಗುತ್ತವೆ. ಗೋಡೆ ಲೆನ್ಸಿನಿಂದ ಒಂದು ಮೀಟರ್ ಪಕ್ಕದಲ್ಲಿ ಹಾಯುವಂತೆ, ಗೋಡೆಯ ಉದ್ದಕ್ಕೆ ಮುಖ ಮಾಡಿ ನಿಂತರೆ, 150 ಮಿ.ಮೀ. ಲೆನ್ಸನ್ನು ಗೋಡೆಯ ಕಡೆಗೆ 8.6 ಡಿಗ್ರಿ ತಿರುಗಿಸಿ. ಹತ್ತಿರದ ಆನೆಯ ಉಗುರಿನಿಂದ ಕೊನೆಯ ಕುದುರೆಯವರೆಗೆ ಎಫ್/16ರಲ್ಲೇ ಚೂಪು. ಒಂದು ಎಚ್ಚರ: ಹೀಗೆ ತಿರುಗಿಸಿದಾಗ ಬಿಂಬವೃತ್ತದ ನಡು 23 ಮಿ.ಮೀ. ಪಕ್ಕಕ್ಕೆ ಸರಿದಿರುತ್ತದೆ. ಅದರ ಮೇಲೆ ರೈಸ್ ಕೂಡ ಬೇಕೆಂದರೆ ಮೂಲೆ ಕಪ್ಪಾಗುತ್ತದೆ. ಹಿಂದಿನ ಸ್ಟ್ಯಾಂಡರ್ಡನ್ನು ತಿರುಗಿಸಿದರೆ ವೃತ್ತ ಖರ್ಚಾಗುವುದಿಲ್ಲ, ಆದರೆ ಗೋಡೆಯ ಆಕಾರವೇ ಬದಲಾಗಿ ಹತ್ತಿರದ ಆನೆ ಊದಿಕೊಳ್ಳುತ್ತದೆ.

ಹಳೇಬೀಡಿನ ಹೊಯ್ಸಳೇಶ್ವರದ ಗೋಡೆಯ ಮುಂದೆ ಇದೇ ಲೆಕ್ಕ ಕೈಕೊಡುತ್ತದೆ. ಅದು ದೂರದಿಂದ ಗೋಡೆಯಂತೆ ಕಂಡರೂ ಮಡಿಕೆ ಮಡಿಕೆಯಾಗಿ ಒಳಹೊರಗೆ ಹೋಗುವ ರಚನೆ, ಅಲ್ಲಿ ಒಂದು ತಲ ಎಂಬುದೇ ಇಲ್ಲ. ಸ್ವಿಂಗ್ ಮಾಡಿದರೆ ಹತ್ತಿರದಲ್ಲಿ ಬೆಣೆ ತೆಳುವಾಗಿರುವ ಕಡೆಯೇ ಮೂಲೆಗಳ ಆಳ ತಪ್ಪಿಹೋಗುತ್ತದೆ. ಅಲ್ಲಿ ಸೊನ್ನೆಯಲ್ಲಿಟ್ಟು, ಹಿಂದೆ ಸರಿದು, ಅಪರ್ಚರ್ ಕಿರಿದು ಮಾಡುವುದೇ ಸರಿ.

ಕರಿಬಟ್ಟೆಯ ಒಳಗಿನ ಕ್ರಮ

ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಪಡೆದಿರಬೇಕು. ಆ ಕಾಗದ ಕೈಯಲ್ಲಿದ್ದರೆ ಅವಸರವಿಲ್ಲದೆ ಕೆಲಸ ಮಾಡಬಹುದು, ಈ ಕ್ಯಾಮೆರಾಗೆ ಬೇಕಾದದ್ದು ಅದೇ. ಮೊದಲು ಎಲ್ಲ ಚಲನೆಗಳನ್ನೂ ಸೊನ್ನೆಗೆ ತನ್ನಿ. ಹಿಂದಿನ ಸ್ಟ್ಯಾಂಡರ್ಡ್ ಲಂಬವಾಗಿದೆಯೇ ಎಂದು ಸ್ಪಿರಿಟ್ ಲೆವೆಲ್ ಇಟ್ಟು ನೋಡಿ. ಲೆವೆಲನ್ನೇ ನಂಬಬಹುದೇ ಎಂದು ತಿಳಿಯಲು ಅದನ್ನು ತಿರುಗಿಸಿ ಇಡಿ, ಗುಳ್ಳೆ ಎರಡು ಸಲವೂ ಒಂದೇ ಕಡೆ ನಿಲ್ಲಬೇಕು. ಆಮೇಲೆ ಅಪರ್ಚರ್ ಪೂರ್ತಿ ತೆರೆದು ಫೋಕಸ್, ರೈಸ್, ಬೇಕಿದ್ದರೆ ಶಿಫ್ಟ್. ಬೇಡದ ವಿದ್ಯುತ್ ಕಂಬವೊಂದು ಗೋಪುರದ ಮುಂದೆ ನಿಂತಿದ್ದರೆ ಟ್ರೈಪಾಡನ್ನು ಪಕ್ಕಕ್ಕೆ ಸರಿಸಿ, ಲೆನ್ಸನ್ನು ಮತ್ತೆ ಗೋಪುರದ ಕಡೆಗೆ ಶಿಫ್ಟ್ ಮಾಡಬಹುದು. ಗೋಪುರ ನೇರ ಮುಂಭಾಗದ ಚಿತ್ರದಂತೆಯೇ ಕಾಣುತ್ತದೆ, ಕಂಬ ಮಾತ್ರ ಪಕ್ಕಕ್ಕೆ ಹೋಗಿರುತ್ತದೆ.

ಶಾಸನದ ಕಲ್ಲನ್ನೋ ಫಲಕವನ್ನೋ ನೇರ ಎದುರಿನಿಂದ ತೆಗೆಯುವಾಗ ಸಮಾನಾಂತರ ನೋಡಲು ಒಂದು ಚಿಕ್ಕ ಕನ್ನಡಿ ಸಾಕು. ಅದನ್ನು ಕಲ್ಲಿಗೆ ಚಪ್ಪಟೆಯಾಗಿ ಹಿಡಿದು ಗಾಜಿನ ಮೇಲೆ ನೋಡಿ. ಕನ್ನಡಿಯಲ್ಲಿ ಲೆನ್ಸಿನ ಪ್ರತಿಬಿಂಬ ಸರಿಯಾಗಿ ನಡುವೆ ಕಂಡರೆ ಎರಡೂ ಸಮಾನಾಂತರ. ಹತ್ತಿರದ ಚಿತ್ರಕ್ಕೆ ಬೆಲ್ಲೋಸ್ ಚಾಚಿದಷ್ಟೂ ಬೆಳಕು ಕಡಿಮೆಯಾಗುತ್ತದೆ. 150 ಮಿ.ಮೀ. ಲೆನ್ಸು ಫಿಲ್ಮಿನಿಂದ 210 ಮಿ.ಮೀ. ದೂರದಲ್ಲಿದ್ದರೆ ಎಕ್ಸ್‌ಪೋಷರ್ ಎರಡು ಪಟ್ಟು, 300ರಲ್ಲಿದ್ದರೆ ನಾಲ್ಕು ಪಟ್ಟು.

ಗ್ರೌಂಡ್ ಗ್ಲಾಸಿನ ಮೂಲೆಗಳನ್ನು ಕತ್ತರಿಸಿರುವುದು ಸುಮ್ಮನೆ ಅಲ್ಲ. ಅಪರ್ಚರನ್ನು ಎಫ್/22ಕ್ಕೆ ಇಳಿಸಿ ಆ ಮೂಲೆಯ ತೂತಿನಿಂದ ಲೆನ್ಸಿನ ಕಡೆ ನೋಡಿ. ಅಪರ್ಚರ್ ಪೂರ್ತಿ ಕಂಡರೆ ಆ ಮೂಲೆಗೆ ಬೆಳಕು ಬರುತ್ತದೆ. ಕಡಲೆಬೇಳೆಯಂತೆ ತುಂಡಾಗಿ ಕಂಡರೆ ಮೂಲೆ ಕಪ್ಪಾಗುತ್ತದೆ, ರೈಸ್ ಸ್ವಲ್ಪ ಇಳಿಸಬೇಕು. ಬಿಂಬ ತಲೆಕೆಳಗಾಗಿರುವುದರಿಂದ ಲೆನ್ಸ್ ಏರಿಸಿದಾಗ ಮೊದಲು ತಪ್ಪುವುದು ಗಾಜಿನ ಕೆಳಗಿನ ಎರಡು ಮೂಲೆಗಳು, ಅಂದರೆ ಚಿತ್ರದಲ್ಲಿ ಆಕಾಶ. ನೆರಳಿಗೆ ಕೈ ಅಡ್ಡ ಹಿಡಿಯುವಾಗಲೂ ಕೈ ಚೌಕಟ್ಟಿನೊಳಗೆ ಬಂದಿಲ್ಲವೆಂದು ಇದೇ ಮೂಲೆಗಳಿಂದ ಖಚಿತಪಡಿಸಿಕೊಳ್ಳಬಹುದು. ಪೂರ್ವಕ್ಕೆ ಮುಖ ಮಾಡಿದ ವಿರೂಪಾಕ್ಷ ಗೋಪುರಕ್ಕೆ ಬೆಳಗಿನ ಬೆಳಕು. ಸೂರ್ಯ ಬೆನ್ನಿಗಿದ್ದರೆ ಈ ತಾಪತ್ರಯ ಇರುವುದಿಲ್ಲ, ಆದರೆ ಗಾಜಿನ ಮೇಲೆ ಬಿಸಿಲು ಬಿದ್ದು ಏನೂ ಕಾಣುವುದಿಲ್ಲ. ಕರಿಬಟ್ಟೆಯ ಹೊರಮೈ ಬಿಳಿ ಬಣ್ಣದ್ದಾಗಿರಲಿ. ಏಪ್ರಿಲ್‌ನ ಹಂಪಿಯಲ್ಲಿ ಪೂರ್ತಿ ಕಪ್ಪು ಬಟ್ಟೆಯ ಕೆಳಗೆ ಹತ್ತು ನಿಮಿಷ ಯೋಚಿಸುವುದು ಯಾರಿಂದಲೂ ಆಗದು.

ಹೋಲ್ಡರ್ ತುಂಬುವಾಗ ಫಿಲ್ಮನ್ನು ನಿಲುವಾಗಿ ಹಿಡಿದು, ಅಂಚಿನ ಕಚ್ಚುಗಳು ಬಲಗಡೆಯ ಮೇಲಿನ ಮೂಲೆಗೆ ಬಂದರೆ ಲೇಪನದ ಮೈ ನಿಮ್ಮ ಕಡೆಗಿದೆ. ಹೋಲ್ಡರಿನ ಫಿಲ್ಮನ್ನು ಮುಚ್ಚುವ ಡಾರ್ಕ್ ಸ್ಲೈಡಿನ ಬಿಳಿ ಬದಿ ಹೊರಗಿದ್ದರೆ ಹೊಸ ಫಿಲ್ಮ್, ಕಪ್ಪು ಬದಿ ಹೊರಗಿದ್ದರೆ ತೆಗೆದಾಗಿದೆ. ಬಳ್ಳಾರಿ, ಹೊಸಪೇಟೆಯ ಕೆಂಪು ಧೂಳಿನ ಸೀಮೆಯಲ್ಲಿ ಹೋಲ್ಡರ್‌ಗಳನ್ನು ಒಂದೊಂದಾಗಿ ಜಿಪ್ ಚೀಲದಲ್ಲಿಟ್ಟು ಒಯ್ಯಬೇಕು. ಫಿಲ್ಮಿನ ಮೇಲೆ ಕೂತ ಧೂಳು ಬೆಳಕನ್ನು ತಡೆದು ಮುದ್ರಣದಲ್ಲಿ ಕಪ್ಪು ಚುಕ್ಕೆಯಾಗುತ್ತದೆ. ಬಿಳಿ ಚುಕ್ಕೆಯನ್ನು ಕುಂಚದಿಂದ ತುಂಬಬಹುದು, ಕಪ್ಪನ್ನು ಕೆರೆದೇ ತೆಗೆಯಬೇಕು.

ಹೋಲ್ಡರ್ ಸೇರಿಸುವ ಮುನ್ನ ಮೂರು ಕೆಲಸ: ಷಟರ್ ಮುಚ್ಚಿ, ಅಪರ್ಚರ್ ಇಳಿಸಿ, ಷಟರಿನ ಸ್ಪ್ರಿಂಗ್ ಬಿಗಿದು ಕಾಕ್ ಮಾಡಿ. ಹಾಳಾಗುವ ಹಾಳೆಗಳಲ್ಲಿ ಹೆಚ್ಚಿನವು ಷಟರ್ ತೆರೆದಿರುವಾಗಲೇ ಸ್ಲೈಡ್ ಎಳೆದವು. ಹೋಲ್ಡರ್ ಒಳಗೆ ಹೋಗುವಾಗ ಹಿಂದಿನ ಸ್ಟ್ಯಾಂಡರ್ಡ್ ಅಲುಗದಂತೆ ಒಂದು ಕೈ ಆಸರೆ ಕೊಡಿ. ಸ್ಲೈಡ್ ಎಳೆದ ಮೇಲೆ ಐದಾರು ಸೆಕೆಂಡ್ ಕಾಯಿರಿ. ಗಾಳಿ ಬೀಸುತ್ತಿದ್ದರೆ ಕಾಯುವುದೇ ದಾರಿ, ಕಮಲಾಪುರದ ಕಡೆಯ ಬಯಲಿನಲ್ಲಿ ಮಧ್ಯಾಹ್ನದ ಗಾಳಿ ಬೆಲ್ಲೋಸನ್ನು ಎರಡು ಸೆಕೆಂಡೂ ಸುಮ್ಮನೆ ಬಿಡುವುದಿಲ್ಲ. ಮಂಟಪದೊಳಗಿನ ಕತ್ತಲಲ್ಲಿ ಬೆಳಕಿನ ಮೀಟರ್ ಹತ್ತು ಸೆಕೆಂಡ್ ಎಂದರೆ, ಹೆಚ್ಚು ಹೊತ್ತು ತೆರೆದಾಗ ಫಿಲ್ಮ್ ಮಂದವಾಗುವುದರಿಂದ, ಇಲ್ಫೋರ್ಡ್ ಎಫ್‌ಪಿ4 ಪ್ಲಸ್ ಫಿಲ್ಮಿಗೆ 18 ಸೆಕೆಂಡ್, ಎಚ್‌ಪಿ5 ಪ್ಲಸ್‌ಗೆ 20 ಸೆಕೆಂಡ್ ಕೊಡಬೇಕು. ಮೀಟರಿನ ಸಮಯವನ್ನು ಮೊದಲನೆಯದಕ್ಕೆ 1.26, ಎರಡನೆಯದಕ್ಕೆ 1.31 ಘಾತಕ್ಕೆ ಏರಿಸಿದರೆ ಈ ಉತ್ತರ ಬರುತ್ತದೆ.

ಸ್ಲೈಡನ್ನು ಕಪ್ಪು ಬದಿ ಹೊರಗೆ ಬರುವಂತೆ ತಿರುಗಿಸಿ ಸೇರಿಸಿ, ಹೋಲ್ಡರ್ ಮಗುಚಿ, ಎರಡನೆಯ ಹಾಳೆಯನ್ನೂ ಅದೇ ಎಕ್ಸ್‌ಪೋಷರ್‌ನಲ್ಲಿ ತೆಗೆಯಿರಿ. ಎರಡನ್ನೂ ಒಟ್ಟಿಗೆ ತೊಳೆಯಬೇಡಿ. ಮೊದಲನೆಯದನ್ನು ಡೆವಲಪ್ ಮಾಡಿ ಒಣಗಿಸಿ ನೋಡಿದಾಗ ಬಿಸಿಲಿನ ಗಾರೆ ತೀರ ದಟ್ಟವಾಗಿ ಬಂದಿದ್ದರೆ ಎರಡನೆಯದಕ್ಕೆ ಡೆವಲಪರ್‌ನಲ್ಲಿ ಶೇ. 15ರಿಂದ 20ರಷ್ಟು ಸಮಯ ಕಡಿಮೆ ಕೊಡಬಹುದು. ಬಾಗಿಲುವಾಡದ ನೆರಳಿನಲ್ಲಿ ವಿವರವೇ ಇಲ್ಲದಿದ್ದರೆ ಡೆವಲಪರ್ ಏನೂ ಮಾಡಲಾರದು, ಅದಕ್ಕೆ ಇನ್ನೊಂದು ಬೆಳಗ್ಗೆ ಹೋಗಿ ಒಂದು ಸ್ಟಾಪ್ ಹೆಚ್ಚು, ಅಂದರೆ ಎರಡು ಪಟ್ಟು, ಬೆಳಕು ಕೊಟ್ಟೇ ತೆಗೆಯಬೇಕು.